ಹಾಲಗೂಡಿನ ಮೂಗುಗಳು

ರೇಷ್ಮೆ ಚಿಟ್ಟೆಯೊಂದು ದುಪ್ಪಟ್ಟು ನೂಲು ಕೊಡುತ್ತೇನೆ ಎಂದು ಬಂದು, ಅದಕ್ಕೆ ಬದಲಾಗಿ ಊರಿನವರ ಮೂಗನ್ನೇ ಕೇಳಿದರೆ ಏನಾಗುತ್ತದೆ? ಹಾಲಗೂಡಿನಲ್ಲಿ ಆದದ್ದು ಅದೇ. ಪ್ರಯೋಗಾಲಯದಲ್ಲಿ ಹುಟ್ಟಿದ ಆ ಹೊಸ ತಳಿಗೆ ‘ಬೆಳ್ಳಿರೆಕ್ಕೆ’ ಎಂದು ಹೆಸರು. ಗೂಡು ದಪ್ಪ, ಎಳೆ ಉದ್ದ, ಮಾರುಕಟ್ಟೆಯಲ್ಲಿ ಜನ ಮುಗಿಬಿದ್ದು ಕೊಂಡರು. ಆದರೆ ಚಿಟ್ಟೆ ರೆಕ್ಕೆ ಬಡಿದಾಗ ಉದುರುವ ಪುಡಿ ಇದೆಯಲ್ಲ, ಅದು ಗೋಧಿ ಹಿಟ್ಟಿಗಿಂತ ನಯ. ಊರಿನ ಬಿತ್ತನೆ ಕೋಠಿಯಲ್ಲಿ, ಅಂದರೆ ರೈತರಿಗೆ ಕೊಡುವ ರೇಷ್ಮೆ ಮೊಟ್ಟೆ ತಯಾರಾಗುವ ಕಟ್ಟಡದಲ್ಲಿ ಹುಟ್ಟಿ, ಕಿಟಕಿ ದಾಟಿ, ಒಣಹಾಕಿದ ಸೀರೆಯ ಮೇಲೆ ಕೂತು, ಮನೆಮನೆಯ ಮೂಗಿಗೂ ಹೊಕ್ಕಿತು.

ಊರು ಸೀನತೊಡಗಿತು. ಸುಮ್ಮನೆ ಸೀನಿದ್ದಲ್ಲ, ಬೆಳಗಾದರೆ ಸರಣಿ ಸೀನು, ಮಧ್ಯಾಹ್ನ ಮೂಗು ಕಟ್ಟುವುದು, ಸಂಜೆ ಕಣ್ಣು ತುರಿಕೆ. ಹಿಂದೆಲ್ಲ ಹೊರಡುವಾಗ ಯಾರಾದರೂ ಸೀನಿದರೆ ಒಂದು ಗಳಿಗೆ ಕೂತು ನೀರು ಕುಡಿದು ಹೋಗುತ್ತಿದ್ದರು. ಆ ಲೆಕ್ಕದಲ್ಲಿ ಈಗ ಯಾರೂ ಹೊಸ್ತಿಲು ದಾಟುವ ಹಾಗೇ ಇರಲಿಲ್ಲ! ಅಪಶಕುನವನ್ನು ಊರು ಸದ್ದಿಲ್ಲದೆ ಕೈಬಿಟ್ಟಿತು. ಮದುವೆಮನೆಯ ಗಟ್ಟಿಮೇಳಕ್ಕೆ ಮಾತ್ರ ಕೆಲಸ ಹೆಚ್ಚಾಯಿತು, ತಾಳಿ ಕಟ್ಟುವಾಗ ಗಂಡೂ ಸೀನುತ್ತಿದ್ದ, ಹೆಣ್ಣೂ ಸೀನುತ್ತಿದ್ದಳು, ಪುರೋಹಿತರಂತೂ ಮಂತ್ರಕ್ಕಿಂತ ಹೆಚ್ಚು ಸೀನೇ ಹೇಳುತ್ತಿದ್ದರು. ಹೀಗೆ ಊರು ನಗುನಗುತ್ತಲೇ ಒಗ್ಗಿಕೊಂಡಿತು.

ನಗು ಬಾರದವಳು ನಾಗವೇಣಿ ಒಬ್ಬಳೇ. ಅವಳು ಬಿತ್ತನೆ ಕೋಠಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಗಂಟುರೋಗದ ಬೀಜಾಣು ಇದೆಯೇ ಎಂದು ನೋಡುವುದು ಅವಳ ಕೆಲಸ. ಇದ್ದರೆ ಆ ಚಿಟ್ಟೆಯ ಮೊಟ್ಟೆಗಳೆಲ್ಲ ಬೆಂಕಿಗೆ. ಇಲ್ಲದಿದ್ದರೆ ರೈತರ ಮನೆಗೆ. ಒಂದು ರೋಗದ ತಾಯಿ ಕಣ್ತಪ್ಪಿಸಿ ಹೋದರೂ ಅದರ ಹುಳುಗಳು ಪಕ್ಕದ ತಟ್ಟೆಗೆ, ಪಕ್ಕದ ಮನೆಗೆ ರೋಗ ಹಂಚಿ ಇಡೀ ಬೀದಿಯ ಬೆಳೆ ಕೊಳೆಯುತ್ತದೆ. ಯಂತ್ರದ ಕಣ್ಣನ್ನೂ ತಂದು ನೋಡಿದ್ದರು. ಅದು ಬೆಳ್ಳಿರೆಕ್ಕೆಯ ಪುಡಿಯನ್ನೇ ಬೀಜಾಣು ಎಂದು ತಿಳಿದು ಒಳ್ಳೆಯ ಮೊಟ್ಟೆಗಳನ್ನೆಲ್ಲ ಸುಡಿಸಿಬಿಟ್ಟಿತು. ಆದ್ದರಿಂದ ಮನುಷ್ಯರ ಕಣ್ಣೇ ಉಳಿಯಿತು.

ಆ ಕುರ್ಚಿಗೆ ಬರಲು ನಾಗವೇಣಿ ಗೂಡು ಆರಿಸುವ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬೆನ್ನು ಬಗ್ಗಿಸಿದ್ದಳು. ಸಂಜೆ ತರಗತಿಗೆ ಹೋಗಿ, ಪರೀಕ್ಷೆ ಬರೆದು, ಒಂದು ಸಲ ಫೇಲಾಗಿ, ಮತ್ತೆ ಬರೆದು ಬಂದವಳು. ಮನೆಯ ಯಾವ ದೇವರಿಗೂ ಅವಳು ಅಷ್ಟು ಹರಕೆ ಹೊತ್ತವಳಲ್ಲ, ಆ ಕುರ್ಚಿಗೆ ಹೊತ್ತಿದ್ದಳು. ಈಗ ಅದೇ ಕುರ್ಚಿಯಲ್ಲಿ ಕೂತರೆ ಮೂಗು ಸುರಿದು ಗಾಜಿನ ಮೇಲೆ ಬೀಳುವ ಹಾಗಾಗುತ್ತಿತ್ತು. ಮುಖಗವಸು ಹಾಕಿದರೆ ಉಸಿರಿನ ಹಬೆ ಮೇಲೇರಿ ನೋಡುವ ಗಾಜೆಲ್ಲ ಮಂಜು ಮಂಜು.

ಅಲರ್ಜಿ ಗುಳಿಗೆ ನುಂಗಿದಳು. ಸೀನು ನಿಂತಿತು, ಆದರೆ ಕಣ್ಣು ಎಳೆಯತೊಡಗಿತು. ಹೊಸ ಗುಳಿಗೆಗಳಲ್ಲಿ ನಿದ್ದೆ ಬರುವುದು ಕಡಿಮೆ ಎನ್ನುತ್ತಾರೆ, ನಿಜವೇ. ಆದರೂ ಕೆಲವರಿಗೆ ಬರುತ್ತದೆ, ನಾಗವೇಣಿ ಆ ಕೆಲವರಲ್ಲಿ ಒಬ್ಬಳು. ಒಂದು ದಿನ ಸೂಕ್ಷ್ಮದರ್ಶಕದ ಮೇಲೆ ಹಣೆಯಿಟ್ಟು ತೂಕಡಿಸಿಬಿಟ್ಟಳು. ರೋಗದ ಗಾಜೊಂದು ‘ಸರಿಯಿದೆ’ ಎಂಬ ತಟ್ಟೆಗೆ ಹೋಗಿತ್ತು. ಪಕ್ಕದ ಕುರ್ಚಿಯ ಮುಬೀನಾ ಸುಮ್ಮನೆ ಇನ್ನೊಮ್ಮೆ ನೋಡಿದ್ದರಿಂದ ಅನಾಹುತ ತಪ್ಪಿತು.

ಕೋಠಿಯ ಅಧಿಕಾರಿ ತಿಮ್ಮರಾಜು ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

“ನೋಡಮ್ಮ ನಾಗವೇಣಿ, ಈ ಕುರ್ಚಿಗೆ ಮೂಗೂ ಬಿಟ್ಟಿರ್ಬೇಕು, ಕಣ್ಣೂ ಬಿಟ್ಟಿರ್ಬೇಕು. ಮುಂದಿನ ತಂಡದ ಚಿಟ್ಟೆ ಬರೋದ್ರೊಳಗೆ ಏನಾದ್ರೂ ಮಾಡ್ಕೊಳ್ಳಿ. ಇಲ್ದಿದ್ರೆ ವಾಪಸ್ ಗೂಡು ಆರಿಸೋಕೆ ಹಾಕ್ತೀನಿ. ನನ್ನ ಮೇಲೆ ಬೇಜಾರ್ ಮಾಡ್ಕೋಬೇಡಿ.”

ಆಗಲೇ ಧಾರವಾಡದ ಡಾಕ್ಟರು ಅನಸೂಯಾ ಕಟ್ಟಿ ಊರಿಗೆ ಬಂದದ್ದು. ಅಲರ್ಜಿಗೆ ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಮೇಲೋ ಗುಳಿಗೆ ಮೇಲೋ ಎಂದು ಹಾಲಗೂಡಿನ ಮೂಗುಗಳಲ್ಲೇ ನೋಡಿಬಿಡುವುದು ಅವರ ಯೋಜನೆ. ಅದಕ್ಕೆ ಅವರು ಒಂದು ಹೊಸ ಸಾಧನ ತಂದಿದ್ದರು, ಅದು ಮೂಗುಬೊಟ್ಟು. ನೋಡಲು ಸಾದಾ ಹರಳಿನ ಬೊಟ್ಟು. ಒಳಗೆ ಸಾಸಿವೆಯಷ್ಟು ದೀಪ. ಅದರ ಬೆಳಕು ಮೂಗಿನ ಹೊಳ್ಳೆಯ ಮೂಲಕ ಹಾದು ಒಳಗಿನ ಗೋಡೆ ಎಷ್ಟು ಊದಿಕೊಂಡಿದೆ ಎಂದು ಅಳೆದು, ಕೋಠಿಯ ಹಳೆಯ ಉಗ್ರಾಣದಲ್ಲಿ ಹೂಡಿದ ಫಲಕಕ್ಕೆ ಸುದ್ದಿ ಕಳಿಸುತ್ತಿತ್ತು. ಅಲ್ಲಿ ಒಬ್ಬೊಬ್ಬರ ಮೂಗಿಗೂ ಒಂದೊಂದು ದೀಪ, ಕಟ್ಟಿದ್ದರೆ ಕೆಂಪು, ತೆರೆದಿದ್ದರೆ ಹಸಿರು.

ಹೆಂಗಸರಿಗೆ ಅದು ಕಷ್ಟವಾಗಲಿಲ್ಲ. ಮೂಗು ಚುಚ್ಚಿಸದ ಗಂಡಸರಿಗೆ ಚಿಮುಟಿಯಂತೆ ಕಚ್ಚಿ ಕೂರುವ ಬೊಟ್ಟು ಮಾಡಿಸಿದ್ದರು. ಬಾಯ್ಲರ್ ಮನೆಯ ಬೋರೇಗೌಡ ಮೊದಲು ಮೂಗು ಮುರಿದ, ಆಮೇಲೆ ಅವನ ಹೆಂಡತಿ ‘ಪರವಾಗಿಲ್ಲ, ಚೆನ್ನಾಗೇ ಕಾಣ್ತೀಯ’ ಅಂದ ಮೇಲೆ ತೆಗೆಯಲೇ ಇಲ್ಲ.

ಚೀಟಿ ಎತ್ತಿ ಅರ್ಧ ಜನಕ್ಕೆ ಗುಳಿಗೆ, ಅರ್ಧ ಜನಕ್ಕೆ ಸ್ಪ್ರೇ ಎಂದು ಹಂಚಿದರು. ಮುಬೀನಾಗೆ ಗುಳಿಗೆ ಬಂತು, ನಾಗವೇಣಿಗೆ ಸ್ಪ್ರೇ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಚೀಟಿಗೆ ಅಲ್ಲೇ ಮುತ್ತು ಕೊಡುವುದೊಂದು ಬಾಕಿ.

“ಗುಳಿಗಿ ಹೊಟ್ಟಿಗೆ ಹೋಗಿ, ರಕ್ತಕ್ಕ ಸೇರಿ, ಮೈಯೆಲ್ಲಾ ತಿರುಗಿ ಆಮೇಲೆ ಮೂಗಿಗೆ ಬರ್ತದ,” ಎಂದು ಡಾಕ್ಟರು ವಿವರಿಸಿದರು. “ಲಗೂನ ಕೆಲಸ ಮಾಡ್ತದ. ಸೀನು, ತುರಿಕಿ ತಡೀತದ. ಆದ್ರ ಮೂಗು ಕಟ್ಟೋದಕ್ಕ ಅಷ್ಟು ಜೋರಿಲ್ಲ. ಸ್ಪ್ರೇ ಹಂಗಲ್ಲ, ನೆಟ್ಟಗ ಮೂಗಿಗೇ. ಊತಾ ಇಳಸ್ತದ, ನಿದ್ದಿ ತರೂದಿಲ್ಲ. ಖರೇ ಅಂದ್ರ ಇದು ನಿಧಾನ. ಕೆಲವು ದಿನ ಬಿಡದ ಹಾಕ್ಕೋಬೇಕು. ದಿನಾ ಮುಂಜಾನೆ ಎರಡೂ ಹೊಳ್ಳಿಗೆ ಎರಡೆರಡು ಸಲ, ಅಷ್ಟ. ಆತಲ್ರೀ?”

ಎಲ್ಲರೂ ತಲೆಯಾಡಿಸಿದರು. ಹೇಗೆ ಹಾಕಿಕೊಳ್ಳಬೇಕು ಎಂದು ಯಾರೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಮೂಗಿಗೆ ಔಷಧಿ ಬಿಡುವುದು ಹಾಲಗೂಡಿನವರಿಗೆ ಹೊಸದೇನು?

ನಾಗವೇಣಿಯ ಅತ್ತೆ ಪುಟ್ಟತಾಯಮ್ಮನಿಗಂತೂ ಅದು ಕೈಪಳಗಿದ ಕೆಲಸ. ಅವರು ಬೀದಿಯ ಮಕ್ಕಳಿಗೆಲ್ಲ ನೆಗಡಿ ಬಂದಾಗ ಬೆಚ್ಚಗಿನ ತುಪ್ಪದ ಹನಿ ಬಿಟ್ಟು ಬೆಳೆಸಿದವರು. ಸ್ಪ್ರೇ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಓ, ನಮ್ ತುಪ್ಪಾನೇ ಪ್ಲಾಸ್ಟಿಕ್ಕಿಗೆ ತುಂಬವ್ರೆ ಕಣವ್ವ,” ಎಂದು ನಕ್ಕರು. “ನೀನು ಹಾಕ್ಕೊಂಡ್ರೆ ಚೆಲ್ತೀಯ. ಬಾ ಇಲ್ಲಿ.”

ಜಗಲಿಯ ಮೇಲೆ ಕಾಲು ಚಾಚಿ ಕೂತು ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. “ಮೊಕ ಮೇಲೆ ಮಾಡು. ಇನ್ನೂ ಮೇಲೆ. ಹೂಂ... ಈಗ ಜೋರಾಗಿ ಎಳ್ಕೋ!”

ನಾಗವೇಣಿ ಎಳೆದುಕೊಂಡಳು. ಗಂಟಲು ಕಹಿಯಾಯಿತು. “ಅಯ್ಯಪ್ಪಾ, ಬೇವಿನ್ ಥರ ಅದೆ ಅತ್ತೆ.”

“ಕಹಿ ಆದ್ರೆ ಔಸ್ದಿ ಕೆಲ್ಸ ಮಾಡ್ತಾ ಅದೆ ಅಂತ,” ಎಂದರು ಪುಟ್ಟತಾಯಮ್ಮ. ಅವರ ಕೈಯಲ್ಲಿ ಹಾಕಿಸಿಕೊಂಡರೆ ನೆತ್ತಿಗೆ ಹತ್ತುವುದಿಲ್ಲ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ಸ್ಪ್ರೇ ಪಾಲಿಗೆ ಬಂದವರೆಲ್ಲ ಬೆಳಗ್ಗೆ ಬಾಟಲಿ ಹಿಡಿದು ಅದೇ ಜಗಲಿಗೆ ಬರತೊಡಗಿದರು. ಬೋರೇಗೌಡನೂ ಮೂಗುಬೊಟ್ಟು ಮಿಂಚಿಸುತ್ತ ಬಂದು ಅಂಗಾತ ಮಲಗುತ್ತಿದ್ದ. ಬರಲಾಗದ ಆಚೆ ಬೀದಿಯವರು ನೋಡಿ ಕಲಿತು ಮನೆಯಲ್ಲಿ ಹಾಗೇ ಮಾಡಿಕೊಂಡರು.

ದಿನಗಳು ಹೋದವು. ನಾಗವೇಣಿಯ ಸೀನು ಹೋಗಲಿಲ್ಲ. ನಿಧಾನದ ಔಷಧಿ, ಸಮಾಧಾನವಾಗಿರಬೇಕು ಎಂದುಕೊಂಡಳು. ಇನ್ನೂ ಒಂದಷ್ಟು ದಿನ ಹೋದವು. ಮೂಗು ಮತ್ತೂ ಬಿಗಿಯಿತು. ಅನ್ನದ ರುಚಿ ಹೋಯಿತು, ಸಾರಿನ ಒಗ್ಗರಣೆ ಹೊತ್ತಿದರೂ ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮುಂದಿನ ತಂಡದ ಗೂಡುಗಳು ಆಗಲೇ ಕೋಠಿಗೆ ಬಂದು ಕೂತಿದ್ದವು. ಒಳಗೆ ಚಿಟ್ಟೆಗಳು ಬಲಿಯುತ್ತಿದ್ದವು. ಅವಳು ಬೆರಳು ಮಡಚಿ ದಿನ ಎಣಿಸುತ್ತಿದ್ದಳು.

ಫಲಕದ ಕೋಣೆಗೆ ಹೋದಾಗ ಅವಳೇ ಕಣ್ಣಾರೆ ನೋಡಿದಳು. ಗುಳಿಗೆಯವರ ಕಡೆ ಸುಮಾರು ಹಸಿರು, ಅಲ್ಲಲ್ಲಿ ಕೆಂಪು. ಮುಬೀನಾಳದಂತೂ ಅಚ್ಚ ಹಸಿರು, ಅವಳಿಗೆ ಗುಳಿಗೆಯಿಂದ ನಿದ್ದೆಯೂ ಬರುತ್ತಿರಲಿಲ್ಲ, ಪುಣ್ಯವಂತೆ. ಸ್ಪ್ರೇಯವರ ಕಡೆ ಗೋಡೆಯೆಲ್ಲ ಕೆಂಡ. ಡಾಕ್ಟರು ಅದರ ಮುಂದೆ ತಲೆಗೆ ಕೈಕೊಟ್ಟು ಕೂತಿದ್ದರು. ಊರಿಗೆ ಬಂದು ಅವರ ಮೂಗೂ ಕೆಂಪಾಗಿತ್ತು.

“ಬಾಟಲಿ ಖಾಲಿ ಆಗ್ಲಿಕ್ಕತ್ತಾವ. ಔಷಧ ಎಲ್ಲಿ ಹೋಗ್ತದ ಅಂತ ನನಗ ತಿಳೀವಲ್ದು,” ಎಂದರು.

ಹಿಂದೆ ನಿಂತಿದ್ದ ತಿಮ್ಮರಾಜು ಸಾಹೇಬರು, “ಚರಂಡಿಗೆ ಹೋಗ್ತಿರುತ್ತೆ ಡಾಕ್ಟ್ರೆ. ನಮ್ಮ ಜನ ಚೆಲ್ಲಿಬಿಟ್ಟು ಹಾಕ್ಕೊಂಡ್ವಿ ಅಂತಾರೆ,” ಎಂದರು.

ನಾಗವೇಣಿಗೆ ಮೈ ಉರಿದುಹೋಯಿತು. “ಸಾರ್, ಆಣೆ ಮಾಡಿ ಹೇಳ್ತೀನಿ, ಒಂದು ದಿನಾನೂ ಬಿಟ್ಟಿಲ್ಲ. ಬೇರೆಯೋರೂ ಬಿಟ್ಟಿಲ್ಲ. ನಮ್ಮ ಜಗಲೀಲೇ ಹಾಕ್ಕೊಳ್ಳೋದು, ನಾನೇ ನೋಡ್ತೀನಿ. ನನ್ನ ಕುರ್ಚಿ ನಾನೇ ಚರಂಡಿಗೆ ಚೆಲ್ಲಿಕೊಳ್ತೀನಾ?” ಎಂದವಳು ಮಾತು ಮುಗಿಸುವಷ್ಟರಲ್ಲಿ ಸೀನಿ, ಸೀನಿ, ಕಣ್ಣೀರಾಗಿಬಿಟ್ಟಳು.

ಸಾಹೇಬರು ಮೆತ್ತಗಾದರು, ಆದರೆ ಮಾತು ಬದಲಿಸಲಿಲ್ಲ. ಸ್ಪ್ರೇ ನಿಲ್ಲಿಸಿ ಎಲ್ಲರಿಗೂ ಗುಳಿಗೆ ಕೊಡುವುದು, ಗುಳಿಗೆಯಿಂದ ನಿದ್ದೆ ಬರುವವರು ಸೂಕ್ಷ್ಮದರ್ಶಕ ಬಿಡುವುದು. ಮುಂದಿನ ವಾರದ ಸಭೆಯಲ್ಲಿ ಅದೇ ತೀರ್ಮಾನವಾಗಲಿತ್ತು.

ಭಾನುವಾರ ಡಾಕ್ಟರು ಮನೆಗೆ ಬಂದರು. ನಾಗವೇಣಿಯ ಬೊಟ್ಟು ಸರಿಯಾಗಿ ಕೂತಿದೆಯೇ ಎಂದು ನೋಡುವುದು ನೆಪ. ಅವಳ ಅಳು ಅವರನ್ನು ಕಾಡುತ್ತಿತ್ತು ಎಂಬುದು ನಿಜವಾದ ಕಾರಣ. ಬಂದವರೇ ಹೊಸ್ತಿಲಲ್ಲಿ ನಿಂತು ಒಂದರ ಹಿಂದೊಂದು ಸೀನಿದರು.

“ಅಯ್ಯೋ ಸಿವನೇ! ಮೂಗಿನ್ ಡಾಕ್ಟ್ರಿಗೇ ಮೂಗು ಕಟ್ತಾ?” ಎಂದು ಪುಟ್ಟತಾಯಮ್ಮ ಮೂಗಿನ ಮೇಲೆ ಬೆರಳಿಟ್ಟರು. “ನೀವ್ಯಾಕೆ ಹಾಕ್ಕೊಳಲ್ರವ್ವ?”

“ಕೆಲಸದ ಗದ್ದಲದಾಗ ಮರೀತೀನ್ರಿ ಅಮ್ಮಾ. ಬ್ಯಾಗಿನಾಗ ಅದ.”

“ಮರೀತೀನಿ ಅಂದ್ರೆ? ಊರಿಗೆಲ್ಲ ಹೇಳೋರು! ಕೊಡಿ ಇಲ್ಲಿ. ತಲೆ ಇಡಿ.”

ಡಾಕ್ಟರು ನಕ್ಕು, ಬೇಡವೆನ್ನಲಾರದೆ, ಮಗುವಿನಂತೆ ಆ ತೊಡೆಯ ಮೇಲೆ ತಲೆಯಿಟ್ಟರು. ದಣಿದ ಜೀವ, ಕಣ್ಣು ಮುಚ್ಚಿಕೊಂಡರು. ಪುಟ್ಟತಾಯಮ್ಮ ಅವರ ಗಲ್ಲ ಹಿಡಿದು ಮುಖವನ್ನು ಆಕಾಶಕ್ಕೆ ಎತ್ತಿ ಪುಸ್ ಎಂದು ಒತ್ತಿದರು. “ಜೋರಾಗಿ ಎಳ್ಕೊಳ್ಳಿ!”

ಡಾಕ್ಟರು ಎಳೆದುಕೊಂಡರು. ಮರುಕ್ಷಣವೇ ಕೆಮ್ಮುತ್ತ ದಡಕ್ಕನೆ ಎದ್ದು ಕೂತರು. ಗಂಟಲು ಮುಟ್ಟಿಕೊಂಡರು. ಬಾಟಲಿ ನೋಡಿದರು. ಪುಟ್ಟತಾಯಮ್ಮನನ್ನು ನೋಡಿದರು.

“ಅಮ್ಮಾ, ಎಲ್ಲಾರಿಗೂ ನೀವು ಹಿಂಗ ಹಾಕ್ತೀರೇನ್ರಿ?”

“ಇನ್ನೆಂಗವ್ವ ಹಾಕೋದು? ತುಪ್ಪ ಬಿಡೋ ಹಂಗೇ.”

“ಎಲ್ಲಾರಿಗೂ?”

“ಬಂದೋರಿಗೆಲ್ಲ. ಯಾಕವ್ವ?”

ಡಾಕ್ಟರು ಹಣೆ ಹಣೆ ಚಚ್ಚಿಕೊಂಡು ನಗತೊಡಗಿದರು. ನಾಗವೇಣಿಗೆ ಏನೊಂದೂ ಅರ್ಥವಾಗಲಿಲ್ಲ. ಡಾಕ್ಟರು ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. ಊತ ಇರುವುದು ಮೂಗಿನೊಳಗಿನ ಪಕ್ಕದ ಗೋಡೆಯಲ್ಲಿ. ಔಷಧಿಯ ತುಂತುರು ಅಲ್ಲಿ ಅಂಟಿ ನಿಲ್ಲಬೇಕು. ತಲೆ ಹಿಂದಕ್ಕೆ ಚೆಲ್ಲಿ ಜೋರಾಗಿ ಎಳೆದರೆ ಅದು ಎಲ್ಲೂ ನಿಲ್ಲದೆ ನೇರ ಗಂಟಲಿಗೆ ಜಾರಿ ಹೊಟ್ಟೆಗೆ ಹೋಗುತ್ತದೆ. ತುಪ್ಪದ ಹನಿಗೆ ಸರಿಹೋದ ರೀತಿ ಈ ತುಂತುರಿಗೆ ಸರಿಹೋಗುವುದಿಲ್ಲ. ಕಹಿಯಾಗಿದ್ದೇ ಗುರುತು.

“ಇಷ್ಟು ದಿನ ನೀವೆಲ್ಲಾ ಮೂಗಿನ ಔಷಧ ಕುಡದೀರಿ,” ಎಂದರು. “ತಪ್ಪು ನಂದರಿ. ಹೆಂಗ ಹಾಕ್ಕೋಬೇಕು ಅಂತ ನಾ ತೋರಸ್ಲೇ ಇಲ್ಲ.”

ಪುಟ್ಟತಾಯಮ್ಮ ನಗಲಿಲ್ಲ. ಅವರ ಮುಖ ಸಪ್ಪಗಾಗಿ, ಕೈಯಲ್ಲಿದ್ದ ಬಾಟಲಿಯನ್ನು ನಿಧಾನವಾಗಿ ನೆಲದ ಮೇಲಿಟ್ಟರು. “ಹಂಗಾದ್ರೆ ನಮ್ ನಾಗು ಕುರ್ಚಿ ಹೋಗ್ತಿರೋದು ನನ್ನಿಂದ್ಲೇನಾ?” ಎಂದರು. “ಅವ್ಳು ಆ ಪರೀಕ್ಷೆಗೆ ಓದುವಾಗ ಒಂದು ಲೋಟ ನೀರೂ ಎತ್ತಿಡೋಕೆ ಬಿಟ್ಟಿಲ್ಲ ಕಣವ್ವ ನಾನು. ನನ್ ಕೈಯಾರೆ ಹಾಳು ಮಾಡ್ದೆನಲ್ಲ.”

ನಾಗವೇಣಿಗೆ ಒಂದು ಕ್ಷಣ ಸಿಟ್ಟು ಬಂದದ್ದು ಸುಳ್ಳಲ್ಲ. ಇಷ್ಟು ದಿನದ ಕಹಿಯೆಲ್ಲ ಒಟ್ಟಿಗೆ ಗಂಟಲಿಗೆ ಬಂದ ಹಾಗಾಯಿತು. ಆದರೆ ಅತ್ತೆಯ ಮುಖ ನೋಡಿದ ಮೇಲೆ ಸಿಟ್ಟು ನಿಲ್ಲಲಿಲ್ಲ. “ಬಿಡಿ ಅತ್ತೆ, ಇನ್ನೂ ಹೋಗಿಲ್ಲ. ಚಿಟ್ಟೆ ಇನ್ನೂ ಹೊರಗೆ ಬಂದಿಲ್ಲ,” ಎಂದಳು. ಹೇಳುವಾಗ ಅವಳಿಗೇ ಧೈರ್ಯ ಬಂದಿತ್ತು.

ಡಾಕ್ಟರು ಅಲ್ಲೇ ಪಾಠ ಶುರುಮಾಡಿದರು. ತಲೆ ಮುಂದಕ್ಕೆ ಬಗ್ಗಿಸಬೇಕು. ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ. ಬಾಟಲಿಯ ತುದಿ ಮೂಗಿನ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗೆ. ಎಳೆಯಬಾರದು, ಸುಮ್ಮನೆ ಮೆಲ್ಲಗೆ ಉಸಿರಾಡಬೇಕು. ಪುಟ್ಟತಾಯಮ್ಮ ಕಣ್ಣೊರೆಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು, ಮತ್ತೆ ಮತ್ತೆ ಮಾಡಿಸಿ ನೋಡಿದರು.

ತಿಮ್ಮರಾಜು ಸಾಹೇಬರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಅವರು ಕುರ್ಚಿ ಬಿಡಬೇಕಾದವರ ಪಟ್ಟಿಯನ್ನೇ ಮಾಡಿಟ್ಟಿದ್ದರು. “ಅಂಗಾತ ಮಲಗಿದ್ದೇ ಕಾರಣ ಅಂತೀರಾ ಡಾಕ್ಟ್ರೆ? ನಂಬೋಕಾಗತ್ತಾ?” ಎಂದರು. ಡಾಕ್ಟರು ವಾದ ಮಾಡಲಿಲ್ಲ. ಒಂದು ಬಾಟಲಿಗೆ ನೀಲಿ ಬಣ್ಣದ ನೀರು ತುಂಬಿ ಬೋರೇಗೌಡನನ್ನು ಕರೆಸಿ ಮಲಗಿಸಿದರು. ಒತ್ತಿ, ಎಳೆದುಕೊಳ್ಳಿ ಎಂದು, ಆಮೇಲೆ ನಾಲಿಗೆ ಚಾಚಿಸಿದರು. ನಾಲಿಗೆ ನೇರಳೆ ಹಣ್ಣು ತಿಂದವನ ನಾಲಿಗೆಯಂತೆ ನೀಲಿ! ಸಾಹೇಬರು ಗಟ್ಟಿಯಾಗಿ ನಕ್ಕುಬಿಟ್ಟರು. ಮುಂದಿನ ತಂಡ ಮುಗಿಯುವವರೆಗೆ ಪಟ್ಟಿ ಹೊರಡಿಸುವುದಿಲ್ಲ ಎಂದರು.

ಮರುದಿನದಿಂದ ಜಗಲಿಯ ನೋಟವೇ ಬೇರೆ. ಪುಟ್ಟತಾಯಮ್ಮ ಕಂಬಕ್ಕೆ ಒರಗಿ ನಿಂತು, ಬಂದವರನ್ನೆಲ್ಲ ಎದುರಿಗೆ ನಿಲ್ಲಿಸಿ, “ಬಗ್ಗಿ. ನನ್ ಕಾಲಿಗೆ ಬೀಳ್ತೀರಿ ಅಂದ್ಕೊಂಡು ಬಗ್ಗಿ. ಹಾಂ, ಕಾಲ್ಬೆರಳು ನೋಡ್ತಾ ಇರಿ. ಈಗ ಒತ್ಕೊಳ್ಳಿ. ಏಯ್ ಬೋರ, ಎಳೀಬ್ಯಾಡ ಅಂದ್ನಲ್ಲ!” ಎಂದು ಗದರುತ್ತಿದ್ದರು. ದಾರಿಯಲ್ಲಿ ಹೋಗುವವರು ನೋಡಿ, ಈ ಅಮ್ಮನ ಮೈಮೇಲೆ ಯಾವ ದೇವರು ಬಂದಿದೆಯೋ, ಊರೇ ಅಡ್ಡಬೀಳುತ್ತಿದೆ ಎಂದು ತಮಾಷೆ ಮಾಡಿದರು. ಮಾಡಲಿ ಬಿಡಿ, ಯಾರ ಗಂಟಲೂ ಕಹಿಯಾಗುತ್ತಿರಲಿಲ್ಲ.

ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ಸೊಸೆ ಸೀನಿದಾಗಲೆಲ್ಲ ಅತ್ತೆ ಕೆಲಸ ಬಿಟ್ಟು ಓಡಿ ಬಂದು ನೋಡುತ್ತಿದ್ದರು. ಆಮೇಲೆ ಒಂದು ಬೆಳಗ್ಗೆ ನಾಗವೇಣಿ ಹಲ್ಲುಜ್ಜುತ್ತ ನಿಂತಿದ್ದವಳು ಥಟ್ಟನೆ ಒಳಗೆ ಓಡಿ ಬಂದಳು. “ಅತ್ತೆ, ಹಾಲು ಸೀದೋಗ್ತಾ ಅದೆ!”

ಪುಟ್ಟತಾಯಮ್ಮ ಒಲೆಯ ಕಡೆ ಓಡಲಿಲ್ಲ. “ನಿಂಗೆ ವಾಸ್ನೆ ಬಂತಾ?” ಎಂದು ಕೇಳಿದರು. ಇಬ್ಬರೂ ಸೀದ ಹಾಲಿನ ಮುಂದೆ ನಿಂತು, ಮೂಗು ಅರಳಿಸಿ ಅರಳಿಸಿ, ಹಬ್ಬದ ಪಾಯಸವೇನೋ ಎಂಬಂತೆ ಆ ಘಾಟನ್ನು ಕುಡಿದರು. ಅದೇ ವಾರ ಫಲಕದ ಕೆಂಪು ಗೋಡೆ ಒಂದೊಂದೇ ದೀಪ ಹಸಿರಾಗುತ್ತ ಬಂತು. ಕಟ್ಟಿದ ಮೂಗು ಬಿಡುವುದರಲ್ಲಿ ಸ್ಪ್ರೇಯವರು ಗುಳಿಗೆಯವರನ್ನು ಹಿಂದೆ ಹಾಕಿದರು. ಹಾಗೆಂದು ಡಾಕ್ಟರು ಗುಳಿಗೆಯನ್ನು ಬಿಸಾಡಲಿಲ್ಲ. ಮುಬೀನಾಳಂತೆ ಅದರಲ್ಲೇ ಸುಖವಾಗಿದ್ದವರು ಅದರಲ್ಲೇ ಇರಲಿ ಎಂದರು.

ಚಿಟ್ಟೆಗಳು ಹೊರಬಂದವು. ಕೋಠಿಯ ಗಾಳಿ ಬಿಳುಪಾಗುವಷ್ಟು ಪುಡಿ. ಮೊಟ್ಟೆ ಇಟ್ಟ ತಾಯಂದಿರನ್ನು ಅರೆಯುವ ದಿನ ನಾಗವೇಣಿ ಕುರ್ಚಿಯಲ್ಲಿ ಕೂತಳು. ಹಿಂದೆ ಸಾಹೇಬರು ಕೈಕಟ್ಟಿ ನಿಂತಿದ್ದರು. ಅವಳಿಗೆ ಕೈ ಬೆವರುತ್ತಿತ್ತು, ಮೂಗು ಮಾತ್ರ ಸುಮ್ಮನಿತ್ತು. ಒಂದು ಗಾಜು, ಇನ್ನೊಂದು, ಮತ್ತೊಂದು. ಮಧ್ಯಾಹ್ನದ ಊಟದ ಗಂಟೆ ಹೊಡೆದದ್ದೂ ಅವಳಿಗೆ ಕೇಳಿಸಲಿಲ್ಲ. ಹೊತ್ತು ಇಳಿಯುವಾಗ ಒಂದು ಗಾಜಿನ ಮೇಲೆ ಅವಳ ಕೈ ನಿಂತಿತು. ಮತ್ತೆ ಮತ್ತೆ ನೋಡಿದಳು. ಪುಡಿಯ ನಡುವೆ, ಅಕ್ಕಿ ಕಾಳಿನ ಆಕಾರದ ಮಿನುಗುವ ಚುಕ್ಕೆಗಳು.

“ಸಾರ್, ಇದು ರೋಗದ್ದು.”

ತಿಮ್ಮರಾಜು ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ಮುಬೀನಾಳನ್ನೂ ನೋಡಲು ಹೇಳಿದರು. ಅವಳೂ ಹೌದೆಂದಳು. ಆ ತಾಯಿಯ ಮೊಟ್ಟೆಯ ಹಾಳೆ ನೇರ ಬೆಂಕಿಗೆ ಹೋಯಿತು. ಅದು ದಾಟಿದ್ದರೆ ಯಾವ ಊರಿನ ಯಾವ ಬೀದಿಯ ತಟ್ಟೆಗಳು ಕೊಳೆಯುತ್ತಿದ್ದವೋ. ಸಾಹೇಬರು ಒಂದು ದೊಡ್ಡ ಉಸಿರು ಬಿಟ್ಟರು.

“ನಾಳೆ ಬೇಗ ಬನ್ನಿ ನಾಗವೇಣಿ. ಇನ್ನೂ ರಾಶಿ ಗಾಜು ಬಾಕಿ ಇದೆ,” ಎಂದರು. “ಕುರ್ಚಿ ನಿಮ್ದೇ.”

ಅವಳು ತಲೆಯಾಡಿಸಿ, ಗಾಜುಗಳನ್ನು ತೊಳೆಯಲು ಇಟ್ಟು, ನೆಟ್ಟಗೆ ಹೊರಗಿನ ಮೊಗಸಾಲೆಗೆ ನಡೆದು, ಮೆಟ್ಟಿಲ ಮೇಲೆ ಕೂತಳು. ಕೂತದ್ದೇ ತಡ, ತಿಂಗಳುಗಟ್ಟಲೆ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣು ಸುರಿಯಿತು, ಮೂಗು ಸುರಿಯಿತು, ಮೂಗು ಕಟ್ಟಿತು.

ಉಗ್ರಾಣದ ಫಲಕದಲ್ಲಿ ಅವಳ ದೀಪ ಹಸಿರಿನಿಂದ ಕೆಂಪಿಗೆ ತಿರುಗಿತು. ಡಾಕ್ಟರು ಕುರ್ಚಿ ಬೀಳಿಸಿಕೊಂಡು, ಕೈಯಲ್ಲಿ ಬಾಟಲಿ ಹಿಡಿದು ಓಡಿ ಬಂದರು.

“ಏನಾತ್ರೀ? ಮತ್ತ ಶುರು ಆತೇನು?”

ನಾಗವೇಣಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುವಿನ ನಡುವೆಯೇ ನಗು ನುಗ್ಗಿ ಬಂತು.

“ಇಲ್ಲ ಡಾಕ್ಟ್ರೆ, ಇದಕ್ಕೆ ಔಷಧಿ ಬೇಡ. ಸ್ವಲ್ಪ ಹೊತ್ತು ಕೆಂಪಗೇ ಇರ್ಲಿ ಬಿಡಿ.”